ಹಗ್ಗ ಹಿಡಿದವಳು

ಅವನು ನನ್ನ ಅಂಗಡಿಗೆ ಮೊದಲ ಸಲ ಬಂದಾಗ ಅವನ ಹೆಗಲ ಮೇಲೆ ಒಂದು ಹರಿದ ಬಲೆ ಇತ್ತು.

ಸಾಗರದ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ನನ್ನದು ಟೈಲರ್ ಅಂಗಡಿ. ಬ್ಲೌಸು, ಚೂಡಿದಾರ, ಶಾಲೆಯ ಯೂನಿಫಾರ್ಮು ಹೊಲಿಯುತ್ತೇನೆ. ಕೆಲಸ ಚೆನ್ನಾಗಿದೆ, ಬಾಯಿ ಚೆನ್ನಾಗಿಲ್ಲ. ಇಡೀ ಗಲ್ಲಿಗೆ ಗೊತ್ತಿರುವ ವಿಷಯ ಅದು.

"ಬಲೆ ಹೊಲಿಯೋಲ್ಲ," ಅಂದೆ, ಮಷೀನಿನಿಂದ ಕಣ್ಣೆತ್ತದೆ. "ಹೊಳೆಬಾಗಿಲಿಗೆ ಹೋಗಿ. ಅಲ್ಲಿ ಮೀನು ಹಿಡಿಯೋರು ಸಿಗ್ತಾರೆ."

"ಇದು ಮೀನಿಗಲ್ಲ ಮೇಡಂ. ಮಕ್ಕಳನ್ನ ಹಿಡಿಯೋಕೆ."

ಆ ವಾರ ಊರಿನ ಎಲ್ಲರ ಫೋನಿನಲ್ಲೂ ಮಕ್ಕಳ ಕಳ್ಳರ ವಿಡಿಯೋ ಓಡಾಡುತ್ತಿತ್ತು. ನಾನು ಎದ್ದು ಮೇಜಿನ ಮೇಲಿದ್ದ ಅಳತೆಕೋಲು ಎತ್ತಿಕೊಂಡೆ. ಮರದ್ದು, ಒಳ್ಳೇ ಗಟ್ಟಿ ಕೋಲು.

ಅವನು ಬಲೆ ಕೆಳಗೆ ಹಾಕಿ ಎರಡೂ ಕೈ ಮೇಲೆತ್ತಿದ. ಎಡಗೈ ಅರ್ಧದವರೆಗೆ ಮಾತ್ರ ಎದ್ದಿತು.

"ಹೊಡೀರಿ. ಆದ್ರೆ ಬಲಗಡೆ ಹೊಡೀರಿ. ಎಡಭುಜ ಆಗ್ಲೇ ಹೋಗಿದೆ."

ನಗುತ್ತಿದ್ದ. ಕೋಲಿನ ಮುಂದೆ ನಿಂತ ಮನುಷ್ಯ ಹಾಗೆ ನಗಬಾರದು. ಕಿವಿಯ ಪಕ್ಕ ನರೆ, ಕೆನ್ನೆಯಲ್ಲಿ ಗುಳಿ, ಎದುರಿನ ಹೆಂಗಸು ತನ್ನನ್ನು ಆಗಲೇ ಕ್ಷಮಿಸಿಬಿಟ್ಟಿದ್ದಾಳೆ ಅನ್ನುವ ಧೈರ್ಯದ ಕಣ್ಣು. ನನಗೆ ನಲವತ್ತೆರಡು ವಯಸ್ಸು. ಮದುವೆ ಆಗಿಲ್ಲ, ನೋಡಲು ಬಂದ ಗಂಡುಗಳನ್ನೆಲ್ಲ ನನ್ನ ಬಾಯಿಯೇ ಓಡಿಸಿತು ಎಂದು ಅಪ್ಪ ಹೇಳುತ್ತಿದ್ದ. ಅಂಥ ನಾನು ಕೋಲು ಇಳಿಸಿದೆ.

ಹೆಸರು ಸುಂದರೇಶ. ತೀರ್ಥಹಳ್ಳಿ ಕಡೆ ಅರ್ಚಕರ ಮನೆಯವನು. ಎಸ್ಸೆಸ್ಸೆಲ್ಸಿ ಫೇಲಾದ ವರ್ಷ ಶಿವಮೊಗ್ಗಕ್ಕೆ ಸರ್ಕಸ್ ಬಂದಿತ್ತಂತೆ. ನೋಡಲು ಹೋದವನು ಮನೆಗೆ ವಾಪಸ್ ಬರಲಿಲ್ಲ. ಡೇರೆಯ ನೆತ್ತಿಯಲ್ಲಿ, ಜೋಕಾಲಿಗೆ ಕಾಲು ಸಿಕ್ಕಿಸಿ ತಲೆಕೆಳಗಾಗಿ ತೂಗುತ್ತಾ, ಹಾರಿ ಬರುವವರ ಕೈ ಹಿಡಿಯುವುದು ಅವನ ಕೆಲಸ.

"ಚಪ್ಪಾಳೆ ಎಲ್ಲ ಹಾರೋರಿಗೆ. ಹಿಡಿಯೋನಿಗೆ ಭುಜದ ನೋವು," ಅಂದ.

ಭುಜ ಹೋಯಿತು, ಕಂಪನಿಯೂ ಮುಚ್ಚಿತು. ಈಗ ರೈಲ್ವೆ ಸ್ಟೇಷನ್ನಿನ ಆಚೆ, ವಾಸಪ್ಪ ಎಂಬವರ ಮುಚ್ಚಿದ ಅಕ್ಕಿ ಗಿರಣಿಯಲ್ಲಿ ಮಕ್ಕಳಿಗೆ ಸರ್ಕಸ್ ಕಲಿಸಬೇಕೆಂದು ಹೊರಟಿದ್ದ.

"ಕಲಿತು ಏನ್ ಮಾಡ್ಬೇಕು? ಮಕ್ಕಳನ್ನ ಸರ್ಕಸ್ಸಿಗೆ ಸೇರಿಸೋ ಹಾಗಿಲ್ವಲ್ಲ."

"ಸೇರ್ಸೋಕೆ ಯಾರು ಹೇಳಿದ್ರು? ಈಜು ಕಲಿತೋರೆಲ್ಲ ಮೀನಾಗ್ತಾರಾ? ಡ್ಯಾನ್ಸು, ಕರಾಟೆ, ಸ್ಕೇಟಿಂಗು ಎಲ್ಲಕ್ಕೂ ಫೀಸ್ ಇದೆ. ಫೀಸ್ ಕಟ್ಟೋಕಾಗದ ಮನೆ ಮಕ್ಕಳು ಗೇಟಿನ ಹೊರಗೆ ನಿಂತು ನೋಡ್ತಾರೆ. ನನ್ನ ಹತ್ರ ಬಂದ ಮಗು ಕೆಳಗೆ ನಿಂತು ನೋಡ್ಬಾರ್ದು. ಮೇಲೆ ಹತ್ಬೇಕು. ಅಷ್ಟೇ."

"ನಿಮಗೆ ಹುಚ್ಚಾ?"

"ಹೌದು. ಬಲೆ ಹೊಲೀತೀರಾ?"

ಹೊಲಿದೆ. ದಪ್ಪ ಸೂಜಿಗಳು ಮುರಿದವು, ಬೈಯುತ್ತಲೇ ಹೊಲಿದೆ. ಅವನು ಸ್ಟೂಲಿನ ಮೇಲೆ ಕೂತು ನನ್ನ ಬೈಗುಳವನ್ನು ರೇಡಿಯೋದ ಹಾಡಿನ ಹಾಗೆ ಕೇಳಿಸಿಕೊಂಡ.

"ಇನ್ನೊಂದ್ ಸ್ವಲ್ಪ ಬೈರಿ," ಅಂದ. "ವಾಪಸ್ ಬಂದು ವರ್ಷ ಆಯ್ತು. ಊರು ಸಿಕ್ಕಿದ ಹಾಗೆ ಆಗಿದ್ದು ಇವತ್ತೇ."

*

ಬಲೆ ತಲುಪಿಸುವ ನೆಪದಲ್ಲಿ ಗಿರಣಿಗೆ ಹೋದೆ. ಎತ್ತರದ ಸೂರು. ಹೆಂಚಿನ ಸಂದಿಯಿಂದ ಇಳಿದ ಬಿಸಿಲಿನ ಕೋಲುಗಳಲ್ಲಿ ಹಳೆಯ ತೌಡಿನ ಧೂಳು ಇನ್ನೂ ಕುಣಿಯುತ್ತಿತ್ತು. ತೊಲೆಗೆ ರಾಟೆ ಕಟ್ಟಿ ಹಗ್ಗ ಇಳಿಬಿಟ್ಟಿದ್ದ. ಹಗ್ಗದ ಒಂದು ತುದಿ ಹಾರುವವರ ಸೊಂಟದ ಬೆಲ್ಟಿಗೆ, ಇನ್ನೊಂದು ತುದಿ ಕೆಳಗೆ ನಿಂತವರ ಕೈಗೆ. ಮೇಲಿದ್ದವರ ಹಿಡಿತ ತಪ್ಪಿದರೆ ಅವರ ಜೀವ ಈ ಹಗ್ಗದಲ್ಲಿ.

"ಹಗ್ಗ ಹಿಡಿಯೋಕೆ ಬರತ್ತಾ?" ಅಂತ ಕೇಳಿದ.

ನನಗೆ ನಗು ಬಂತು. ಹೊಸನಗರದ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಪ್ಪ ಗುತ್ಯಪ್ಪ ಅಡಿಕೆ ಮರ ಹತ್ತುವ ಕೊನೆಗಾರ. ಅವನು ಮೇಲಿಂದ ಗೊನೆ ಕೊಯ್ದು ಹಗ್ಗದ ಮೇಲೆ ಜಾರಿಸಿದರೆ, ಕೆಳಗೆ ಹಗ್ಗ ಹಿಡಿದು ಇಳಿಸಿಕೊಳ್ಳುತ್ತಿದ್ದವಳು ನಾನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟದ್ದೇ ಆ ಹಗ್ಗ ಹಿಡಿಯಲಿಕ್ಕೆ.

"ಹತ್ತಿ ಮೇಲೆ," ಅಂದೆ. "ಬರತ್ತೋ ಇಲ್ವೋ ಗೊತ್ತಾಗತ್ತೆ."

ಏಣಿ ಹತ್ತಿ, ಜೋಕಾಲಿಯಲ್ಲಿ ಕೂತು, ಮೇಲಿಂದ ಕೂಗಿದ. "ಇದ್ದೀರಾ?"

"ಇನ್ನೆಲ್ಲಿಗೆ ಹೋಗ್ಲಿ? ಇಲ್ಲೇ ಇದ್ದೀನಿ!"

ಬಿಟ್ಟ. ಹಗ್ಗಕ್ಕೆ ಭಾರ ಬಂತು. ನನ್ನ ಕೈ ತನಗೆ ಗೊತ್ತಿದ್ದ ಕೆಲಸ ಮಾಡಿತು. ಗೊನೆ ಹತ್ತಿರ ಬರುತ್ತಿದ್ದಂತೆ ಹಗ್ಗ ತುಸು ಸಡಿಲ ಬಿಡಬೇಕು. ಬಿಗಿ ಹಿಡಿದರೆ ಗೊನೆ ಬಡಿದು ಅಡಿಕೆ ಚೆಲ್ಲಾಪಿಲ್ಲಿ. ಸಡಿಲ ಬಿಟ್ಟೆ. ಸುಂದರೇಶ ಬಲೆಯ ಅಂಚಿಗೆ ಬಿದ್ದು, ಅಲ್ಲಿಂದ ಜಾರಿ, ಧೊಪ್ಪೆಂದು ನೆಲದ ಮೇಲೆ ಕೂತ.

"ಅಯ್ಯೋ ದೇವ್ರೇ! ಪೆಟ್ಟಾಯ್ತಾ?"

"ಎಂತ ಮಾರಾಯ್ತಿ, ನನ್ನನ್ನ ಅಡಿಕೆ ಗೊನೆ ಅಂದ್ಕೊಂಡ್ರಾ?"

"ಭಾರ ಬಂದಾಗ ಸಡಿಲ ಬಿಡೋದೇ ನನಗೆ ಗೊತ್ತಿರೋದು."

"ಇಲ್ಲಿ ಉಲ್ಟಾ." ಎದ್ದು ಬಂದು ನನ್ನ ಹಿಂದೆ ನಿಂತ. ನನ್ನ ಮುಷ್ಟಿಯ ಮೇಲೆ ತನ್ನ ಮುಷ್ಟಿ ಇಟ್ಟು ಹಗ್ಗ ಬಿಗಿ ಮಾಡಿದ. ಅಂಗೈ ಮರದ ತೊಗಟೆಯಷ್ಟು ಒರಟು. "ಭಾರ ಬಂದಾಗ್ಲೇ ಬಿಗಿ ಹಿಡೀಬೇಕು. ಅವ್ರ ಕಾಲು ನೆಲಕ್ಕೆ ತಾಗೋವರ್ಗೂ."

ಆಮೇಲೆ ನಿಯಮ ಹೇಳಿಕೊಟ್ಟ. ಮೇಲಿದ್ದವರು 'ಇದ್ದೀಯಾ?' ಅಂತ ಕೇಳಬೇಕು. ಕೆಳಗಿನಿಂದ 'ಇದ್ದೀನಿ' ಅಂತ ಬಂದರೆ ಮಾತ್ರ ಹಾರಬೇಕು. ಉತ್ತರ ಬರದಿದ್ದರೆ ಎಷ್ಟು ದೊಡ್ಡ ಆಟಗಾರನಾದರೂ ಏಣಿ ಇಳಿದು ಬರಬೇಕು. ಇನ್ನು ಹಗ್ಗ ಹಿಡಿದವರ ಕಣ್ಣು ಮೇಲಿದ್ದವರನ್ನು ಬಿಟ್ಟು ಕದಲಬಾರದು. ಪಕ್ಕದಲ್ಲಿ ಪಟಾಕಿ ಹೊಡೆದರೂ.

ಈ ಕೊನೆಯ ನಿಯಮದಿಂದ ಅವನು ಎಷ್ಟು ಲಾಭ ಮಾಡಿಕೊಂಡನೆಂದರೆ! ಮುಂದೆ ಮಕ್ಕಳು ಬಂದ ಮೇಲೆ, ನಾನು ಹಗ್ಗ ಹಿಡಿದು ನಿಂತಾಗಲೆಲ್ಲ ಪಕ್ಕಕ್ಕೆ ಬಂದು ನಿಲ್ಲುತ್ತಿದ್ದ. ನನ್ನನ್ನೇ ನೋಡುತ್ತಿದ್ದಾನೆಂದು ಕೆನ್ನೆಗೆ ಗೊತ್ತಾಗುತ್ತಿತ್ತು. ತಿರುಗಿ ನೋಡುವಂತಿಲ್ಲ.

"ಕೆನ್ನೆ ಕೆಂಪಾಯ್ತು," ಅನ್ನುತ್ತಿದ್ದ ಮೆಲ್ಲಗೆ.

"ಹಗ್ಗ ಬಿಟ್ಟು ಬಂದು ಹೊಡೀತೀನಿ."

"ಬಿಡೋ ಹಾಗಿಲ್ಲ," ಅನ್ನುತ್ತಿದ್ದ ಇನ್ನೂ ಮೆಲ್ಲಗೆ.

*

ಆದರೆ ಮೊದಮೊದಲು ಮಕ್ಕಳೇ ಬರಲಿಲ್ಲ. ಸ್ಟೇಷನ್ನಿನ ಹಿಂದಿನ ಕಾಲೊನಿಯಲ್ಲಿ ಅವನು ಹೋದ ಮನೆಯವರೆಲ್ಲ ಬಾಗಿಲು ಹಾಕಿಕೊಂಡರು. ಅವನ ಮುಖ ನೋಡಲಾರದೆ ನಾನೇ ಹೊರಟೆ. ಆ ಮನೆಗಳ ಹೆಂಗಸರ ಬ್ಲೌಸಿನ ಅಳತೆ ನನಗೆ ಬಾಯಿಪಾಠ. ನನಗೆ ಬಾಗಿಲು ತೆಗೆಯುತ್ತಾರೆ.

ಜಲಜಮ್ಮ ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುವವಳು. ಮಗಳು ತೀರಿಹೋದ ಮೇಲೆ ಮೊಮ್ಮಗಳು ಭವ್ಯಾಳನ್ನು ಸಾಕುತ್ತಿದ್ದಳು. ಕಣ್ಣಿಗೆ ಪೊರೆ ಬಂದಿತ್ತು, ಮಾತಿಗೆ ಬಂದಿರಲಿಲ್ಲ.

"ಹೆಣ್ಣುಮಕ್ಕಳನ್ನ ಸರ್ಕಸ್ಸಿಗೆ ಮಾರ್ತಾರಂತೆ ಪ್ರತಿಮಾ."

"ಯಾರು ಹೇಳಿದ್ದು?"

"ಎಲ್ರೂ. ಅದಿರ್ಲಿ, ಅವ್ನು ದೊಡ್ಡ ಮನೆಯೋನಂತಲ್ಲ. ದೊಡ್ಡ ಮನೆಯೋರು ನಮ್ಮ ಮಕ್ಕಳನ್ನ ಕರೆಯೋದು ಅಂಗಳ ಗುಡ್ಸೋಕೆ. ಆಟ ಆಡೋಕೆ ಯಾಕೆ ಕರೀತಾನೆ?"

ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಮಾತಾಡಿದೆ.

"ಸಿಗಂದೂರಮ್ಮನ ಆಣೆ ಜಲಜಮ್ಮ. ನಿನ್ನ ಭವ್ಯಾ ಮೇಲೆ ಹತ್ತತಾಳೆ. ಹಗ್ಗ ನಾನು ಹಿಡೀತೀನಿ. ಮಾತು ತಪ್ಪಿದ್ರೆ ನನ್ನ ಅಂಗಡಿ ಮುಂದೆ ಬಂದು ನನ್ನ ಮುಖಕ್ಕೆ ಉಗಿ."

ನಮ್ಮಲ್ಲಿ ಆ ತಾಯಿಯ ಹೆಸರು ಸುಮ್ಮನೆ ಎತ್ತುವುದಿಲ್ಲ. ಜಲಜಮ್ಮ ನನ್ನ ಮುಖವನ್ನು ಪೊರೆಗಣ್ಣಿನಲ್ಲಿ ತುಂಬ ಹೊತ್ತು ನೋಡಿ, "ಆಯ್ತು," ಅಂದಳು. ಉಳಿದ ಮನೆಗಳಲ್ಲೂ ಅದೇ ಆಣೆ ಇಟ್ಟೆ. ಸರ್ಕಸ್ಸಿನ ಬಗ್ಗೆ ನನಗೇನು ಗೊತ್ತಿತ್ತು? ಆ ಕೆನ್ನೆಯ ಗುಳಿಯನ್ನು ನಂಬಿ ಆಣೆ ಇಟ್ಟೆ.

ಭವ್ಯಾ ಮೊದಲು ಬಂದಳು. ಹನ್ನೆರಡು ವರ್ಷದ ಕಡ್ಡಿಯಂಥ ಹುಡುಗಿ. ನೀರಿನ ಕೊಡ ಹೊತ್ತು ಹೊತ್ತು ಬಲಭುಜ ಸ್ವಲ್ಪ ತಗ್ಗು. ಏಣಿಯ ತುದಿಯಲ್ಲಿ ನಿಂತು, "ಪ್ರತಿಮಕ್ಕಾ, ಇದ್ದೀಯಾ?" ಅಂದಳು.

"ಇದ್ದೀನಿ!"

ಹಾರಿದಳು. ಬಿಸಿಲಿನ ಒಂದು ಕೋಲಿನಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ. ನನ್ನ ಪಕ್ಕದಲ್ಲಿ ಸುಂದರೇಶ ಉಸಿರು ಹಿಡಿದಿದ್ದ. ಅವಳ ಕಾಲು ನೆಲಕ್ಕೆ ತಾಗಿದ ಮೇಲೆ ತಿರುಗಿದರೆ ಅವನ ಕಣ್ಣಲ್ಲಿ ನೀರು. ಆ ನೀರು ಸುಳ್ಳಲ್ಲ. ಇವತ್ತಿಗೂ ಅದನ್ನು ಸುಳ್ಳು ಅನ್ನಲಾರೆ, ಅದೇ ಕಷ್ಟ.

ಮುಂದಿನ ತಿಂಗಳಿಗೆ ಗಿರಣಿ ತುಂಬ ಮಕ್ಕಳು.

*

ಮಳೆಗಾಲದ ನಡುವೆ ಬಿಡುವು ಕೊಟ್ಟ ಒಂದು ದಿನ ಮಕ್ಕಳನ್ನೆಲ್ಲ ಟೆಂಪೋ ಮಾಡಿಕೊಂಡು ಮಂಡಗದ್ದೆಗೆ ಕರೆದುಕೊಂಡು ಹೋದೆವು. ತುಂಗೆಯ ನಡುವಿನ ಮರಗಳ ತುಂಬ ಬೆಳ್ಳಕ್ಕಿ. ಹಕ್ಕಿ ಗೂಡಿಗೆ ಇಳಿಯುವ ಮೊದಲು ರೆಕ್ಕೆ ಹೇಗೆ ಬಿಚ್ಚುತ್ತದೆ, ಕಾಲು ಹೇಗೆ ಮುಂದೆ ಚಾಚುತ್ತದೆ ಎಂದು ಅವನು ಮಕ್ಕಳಿಗೆ ತೋರಿಸುತ್ತಿದ್ದ. ಮಕ್ಕಳು ದಡದ ಮೇಲೆ ಕೈ ಬಿಚ್ಚಿಕೊಂಡು ಓಡುತ್ತಿದ್ದರು.

"ಇಳಿಯೋದೇ ಕಷ್ಟ ಪ್ರತಿಮಾ," ಅಂದ, ನನ್ನ ಪಕ್ಕ ಬಂದು ಕಟ್ಟೆಯ ಮೇಲೆ ಕೂತು. 'ರೀ' ಯಾವಾಗಲೋ ಉದುರಿಹೋಗಿತ್ತು. "ಹಾರೋಕೆ ಹುಚ್ಚು ಸಾಕು. ಇಳಿಯೋಕೆ ಜಾಗ ಬೇಕು."

"ಸಿನಿಮಾ ಡೈಲಾಗ್ ಬೇಡ. ಏನ್ ಹೇಳ್ಬೇಕೋ ಹೇಳು."

"ಹೇಳಿದ್ರೆ ಬೈತೀಯಾ."

"ಹೇಳದಿದ್ರೂ ಬೈತೀನಿ."

ಅವನು ನೀರಿನ ಕಡೆ ನೋಡುತ್ತಾ, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಅಂದ: "ಇದ್ದೀಯಾ?"

ನನ್ನ ಬಾಯಿ, ಊರನ್ನೆಲ್ಲ ಓಡಿಸಿದ ಬಾಯಿ, ಒಣಗಿತು. ಸೆರಗಿನ ತುದಿ ಬೆರಳಿಗೆ ಸುತ್ತಿದೆ, ಬಿಚ್ಚಿದೆ. ನಲವತ್ತೆರಡು ವಯಸ್ಸಿಗೆ ಹುಡುಗಿಯಂತೆ ಆಡುತ್ತಿದ್ದೇನಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು.

"ಇದ್ದೀನಿ," ಅಂದೆ.

ಅವನ ಒರಟು ಅಂಗೈ ನನ್ನ ಅಂಗೈಯನ್ನು ಮುಚ್ಚಿತು. ಎದುರಿನ ಮರದಲ್ಲಿ ಸಾವಿರ ಹಕ್ಕಿ ಒಟ್ಟಿಗೆ ಗಲಾಟೆ ಮಾಡುತ್ತಿದ್ದವು. ಮಕ್ಕಳ ಕಾರ್ಯಕ್ರಮ ಒಂದು ಆಗಲಿ, ಆಮೇಲೆ ರಿಜಿಸ್ಟರ್ ಮದುವೆ ಎಂದು ಅಲ್ಲೇ ಮಾತಾಯಿತು. ಅವನ ಮನೆಯವರು ಒಪ್ಪುತ್ತಾರಾ ಎಂದು ಕೇಳಿದೆ. "ಸರ್ಕಸ್ಸಿಗೆ ಓಡಿಹೋದಾಗ್ಲೇ ಕೇಳ್ಲಿಲ್ಲ. ಈಗ ಕೇಳ್ತೀನಾ?" ಎಂದು ನಕ್ಕ. ನಾನೂ ನಕ್ಕೆ.

*

ಕಾರ್ಯಕ್ರಮ ನಿಗದಿಯಾದದ್ದು ತೀರ್ಥಹಳ್ಳಿಯ ಒಂದು ದೊಡ್ಡ ಖಾಸಗಿ ಶಾಲೆಯ ವಾರ್ಷಿಕೋತ್ಸವಕ್ಕೆ. ನಮ್ಮ ಮಕ್ಕಳ ಆಟ ನೋಡಲು ಅಷ್ಟು ದೊಡ್ಡ ಶಾಲೆಯವರು ಕರೆದಿದ್ದಾರೆ ಎಂದು ಕಾಲೊನಿಯಲ್ಲಿ ಹಬ್ಬ. ಮಳೆ ನಿಂತಾಗಿನಿಂದ ಸುಂದರೇಶ ಪ್ರತಿ ಭಾನುವಾರ ತೀರ್ಥಹಳ್ಳಿಗೆ ಹೋಗುತ್ತಿದ್ದ. ಅಮ್ಮನಿಗೆ ಹುಷಾರಿಲ್ಲ, ಇಷ್ಟು ವರ್ಷದ ಮೇಲೆ ಮನೆ ಬಾಗಿಲು ತೆರೆದಿದ್ದಾರೆ ಅಂದಿದ್ದ. ನಾನು ಅವರಿಗೆಂದು ಮೆತ್ತನೆಯ ಹತ್ತಿ ರವಿಕೆ ಹೊಲಿದು ಕೊಟ್ಟಿದ್ದೆ. ಅಳತೆ ಅವನು ಅಂದಾಜಿನಲ್ಲಿ ಹೇಳಿದ್ದ.

ಭವ್ಯಾಳಿಗೆ ನವಿಲು ನೀಲಿಯ ಅಂಗಿ ಹೊಲಿದೆ. ಎದೆಯ ಮೇಲೆ ಬೆಳ್ಳಿ ಚಮಕಿ. ಅವಳ ಬಲಭುಜದ ತಗ್ಗು ಕಾಣದ ಹಾಗೆ ಆ ಕಡೆ ಒಂದು ಮಡಿಕೆ ಒಳಗೆ ಸೇರಿಸಿ, ಹೆಗಲು ಸಮ ಮಾಡಿದೆ. ತೊಟ್ಟು ಕನ್ನಡಿ ಮುಂದೆ ನಿಂತವಳು ಅಲ್ಲಾಡಲಿಲ್ಲ.

"ಪ್ರತಿಮಕ್ಕಾ, ನನ್ನ ಭುಜ ಸರಿ ಆಯ್ತು!"

"ಬಾಯ್ಮುಚ್ಚು. ಚಮಕಿ ಉದುರತ್ತೆ," ಅಂದೆ. ಕಣ್ಣು ಒರೆಸಿಕೊಳ್ಳಲು ತಿರುಗಬೇಕಾಯಿತು.

ಆ ದಿನ ಮಕ್ಕಳು, ಅಂಗಿಗಳ ಬ್ಯಾಗು, ಸುಂದರೇಶ ಬೆಳಿಗ್ಗೆಯೇ ಶಾಲೆಯವರ ಗಾಡಿಯಲ್ಲಿ ಹೋದರು. ನಾನು ಜಲಜಮ್ಮನನ್ನು ಕರೆದುಕೊಂಡು ಹೊಸನಗರದ ಮೇಲೆ ಹೋಗುವ ಬಸ್ಸು ಹತ್ತಿದೆ. ಅವಳು ಮೊಮ್ಮಗಳ ಆಟ ನೋಡಲೆಂದು ಪೆಟ್ಟಿಗೆಯ ತಳದಲ್ಲಿದ್ದ ರೇಷ್ಮೆ ಸೀರೆ ಉಟ್ಟಿದ್ದಳು. ದಾರಿಯುದ್ದಕ್ಕೂ ಕಂಡಕ್ಟರಿಗೆ, ಪಕ್ಕದವರಿಗೆ, ಎಲ್ಲರಿಗೂ ಹೇಳಿದಳು.

ನಾವು ಹೋಗುವಷ್ಟರಲ್ಲಿ ಆಟ ಶುರುವಾಗಿತ್ತು. ಶಾಲೆಯ ದೊಡ್ಡ ಸಭಾಂಗಣ, ಜನ ತುಂಬಿದ್ದರು. ಹಿಂದಿನ ಸಾಲಿನಲ್ಲಿ ಜಾಗ ಸಿಕ್ಕಿತು. ಎತ್ತರದ ಏಣಿಯ ಮೇಲೆ ನವಿಲು ನೀಲಿ ಅಂಗಿ ಮಿನುಗಿತು.

"ಅಗೋ ಭವ್ಯಾ!" ಜಲಜಮ್ಮ ಎದ್ದು ನಿಂತು ಚಪ್ಪಾಳೆ ತಟ್ಟಿದಳು. "ನಮ್ಮ ಹುಡ್ಗಿ ಅದು! ನನ್ನ ಮೊಮ್ಮಗಳು!"

ನಾನು ಚಪ್ಪಾಳೆಗೆ ಕೈ ಎತ್ತಿದವಳು ಅಲ್ಲೇ ನಿಂತೆ.

ಅಂಗಿಯ ಬಲಹೆಗಲು ಉಬ್ಬಿ ಕೂತಿತ್ತು. ನಾನು ಒಳಗೆ ಸೇರಿಸಿದ ಮಡಿಕೆ, ಆ ತಗ್ಗು ಇಲ್ಲದ ಭುಜದ ಮೇಲೆ ಗಂಟಿನ ಹಾಗೆ ಎದ್ದು ನಿಂತಿತ್ತು. ಅದು ಭವ್ಯಾ ಅಲ್ಲ.

ಕೆಳಗೆ ನೋಡಿದೆ. ಕಪ್ಪು ಟೀ ಶರ್ಟ್ ತೊಟ್ಟ ನಮ್ಮ ಮಕ್ಕಳು ಬಿದ್ದರೆ ಪೆಟ್ಟಾಗದಂತೆ ಹಾಸಿದ ದಪ್ಪ ಹಾಸಿಗೆಗಳ ಅಂಚಿನಲ್ಲಿ ಸಾಲಾಗಿ ನಿಂತಿದ್ದರು. ಹಗ್ಗದ ತುದಿ ಭವ್ಯಾಳ ಕೈಯಲ್ಲಿತ್ತು, ಅವಳ ಹಿಂದೆ ನಮ್ಮ ಇಬ್ಬರು ದೊಡ್ಡ ಹುಡುಗರು. ಸುಂದರೇಶ ಬಿಳಿ ಜುಬ್ಬಾ ತೊಟ್ಟು ಮೈಕ್ ಹಿಡಿದಿದ್ದ. "ಈಗ ನಮ್ಮ ಶಾಲೆಯ ಆರನೇ ತರಗತಿಯ ಧೃತಿ!" ಅಂದ. ನಮ್ಮ ಶಾಲೆಯ. ನಮ್ಮ.

ಏಣಿಯ ತುದಿಯಿಂದ ಆ ಹುಡುಗಿ, ಪಾಪ, ಹೆದರಿದ ದನಿಯಲ್ಲಿ ಕೂಗಿದಳು: "ಇದ್ದೀಯಾ?"

ಆ ಮಾತನ್ನೂ ಅವರಿಗೆ ಕಲಿಸಿದ್ದ, ಪ್ರತಿ ಭಾನುವಾರ ಬಂದು.

ಭವ್ಯಾ ಉತ್ತರ ಕೊಡಲಿಲ್ಲ. ಹಗ್ಗ ಬಿಗಿಯಾಗೇ ಹಿಡಿದಿದ್ದಳು, ಕಣ್ಣು ಮೇಲೇ ಇತ್ತು. ತುಟಿ ಮಾತ್ರ ತೆರೆಯಲಿಲ್ಲ.

"ಇದ್ದೀಯಾ?" ಧೃತಿ ಮತ್ತೆ ಕೂಗಿದಳು. ಸಭೆಯಲ್ಲಿ ಗುಸುಗುಸು. ಸುಂದರೇಶ ಮೈಕ್ ಮುಚ್ಚಿ, "ಹೇಳು ಭವ್ಯಾ," ಅಂದದ್ದು ಹಿಂದಿನ ಸಾಲಿಗೂ ಅವನ ತುಟಿಯಲ್ಲೇ ಕಂಡಿತು.

ನಾನು ಯಾರ ಕಾಲು ತುಳಿದೆನೋ ಗೊತ್ತಿಲ್ಲ. ಮುಂದೆ ಹೋಗಿ, ಭವ್ಯಾಳ ಹಿಂದೆ ನಿಂತು, ಅವಳ ಮುಷ್ಟಿಯ ಮೇಲೆ ನನ್ನ ಮುಷ್ಟಿ ಇಟ್ಟೆ. ಅವಳ ಕೈ ಐಸಿನಷ್ಟು ತಣ್ಣಗಿತ್ತು. ಮೇಲಿದ್ದ ಮಗುವಿನ ತಪ್ಪೇನೂ ಇರಲಿಲ್ಲ.

"ಇದ್ದೀನಿ ಕಂದಾ, ಬಾ," ಅಂದೆ.

ಧೃತಿ ಹಾರಿದಳು. ಚೆನ್ನಾಗಿಯೇ ಹಾರಿದಳು. ಹಿಂದಿನ ಸಾಲಿನಲ್ಲಿ ಜಲಜಮ್ಮ ಇನ್ನೂ ಚಪ್ಪಾಳೆ ತಟ್ಟುತ್ತಿದ್ದಳು.

*

ಸಭಾಂಗಣದ ಹಿಂದೆ, ನೀರಿನ ಟ್ಯಾಂಕಿನ ಹತ್ತಿರ ಅವನನ್ನು ಹಿಡಿದೆ.

"ಅಮ್ಮ ಹೇಗಿದ್ದಾರೆ?" ಅಂದೆ.

ಅವನು ಟ್ಯಾಂಕಿನ ನಲ್ಲಿ ತಿರುಗಿಸಿ ಕೈ ತೊಳೆಯತೊಡಗಿದ.

"ಪ್ರತಿ ಭಾನುವಾರ ನೋಡ್ಕೊಂಡು ಬರ್ತಿದ್ದೆಯಲ್ಲ. ರವಿಕೆ ಸರಿಯಾಯ್ತಾ ಅವರಿಗೆ?"

"ಪ್ರತಿಮಾ, ಕೇಳಿಲ್ಲಿ. ವಾಸಪ್ಪ ಗಿರಣಿ ಖಾಲಿ ಮಾಡು ಅಂತ ಕೂತಿದ್ದ. ಈ ಶಾಲೆಯೋರು ಬಾಡಿಗೆ ನಾವು ನೋಡ್ಕೊಳ್ತೀವಿ ಅಂದ್ರು. ಹಾಸಿಗೆ ಕೊಟ್ರು. ತಮ್ಮ ಮಕ್ಕಳು ಮುಂದಿರ್ಬೇಕು ಅಂದ್ರು. ಒಂದೇ ಒಂದು ದಿನ. ಒಂದು ದಿನ ಕೆಳಗೆ ನಿಂತ್ರೆ ನಮ್ಮ ಮಕ್ಕಳು ವರ್ಷಪೂರ್ತಿ ಮೇಲೆ ಹಾರ್ತಾರೆ. ತಪ್ಪಾ ಅದು?"

ಒಂದು ಕ್ಷಣ ಅದು ನನಗೂ ಸರಿ ಅನ್ನಿಸಿತು. ಅದಕ್ಕೇ ಸಿಟ್ಟು ಇನ್ನೂ ಏರಿತು.

"ಅಂಗಿ?"

"ಅವರ ಟೈಲರ್ ಹೊಲಿದಿದ್ದು ಚೆನ್ನಾಗಿರ್ಲಿಲ್ಲ. ನಿನ್ನಷ್ಟು ಚೆನ್ನಾಗಿ ಯಾರು ಹೊಲೀತಾರೆ?"

ಹೊಗಳುತ್ತಿದ್ದ! ಆ ಹೊತ್ತಿನಲ್ಲಿ ಆ ಕೆನ್ನೆಯ ಗುಳಿ ಕಂಡಿತು. ಅದಕ್ಕೊಂದು ಬಾರಿಸಿದೆ. ಕೈ ಉರಿಯಿತು. ಅವನು ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ.

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಬೈತಿದ್ದೆ."

"ನಾನು ಬೈದ್ರೆ ಊರು ಸಿಕ್ಕಿದ ಹಾಗೆ ಆಗತ್ತೆ ಅಂದಿದ್ದೆಯಲ್ಲೋ!"

ಅವನ ಕಣ್ಣು ಕೆಳಗಿಳಿಯಿತು. ನಾನು ಅವನನ್ನು ನೋಡಿದಷ್ಟು ದಿನದಲ್ಲಿ ಅವನು ನೆಲ ನೋಡಿದ್ದು ಅದೇ ಮೊದಲು.

"ನನ್ನ ಕೇಳಿದ್ರೆ ಬೈದು, ಅತ್ತು, ಜಗಳ ಆಡಿ, ಕೊನೆಗೆ ನಾನೇ ಆ ಮಗೂನ ಒಪ್ಪಿಸ್ತಿದ್ನೇನೋ. ಭವ್ಯಾನ ಕೇಳಿದ್ರೆ ಅವಳೇ ಹ್ಞೂಂ ಅಂತಿದ್ಲೇನೋ. ನೀನು ಕೇಳ್ಲೇ ಇಲ್ಲ. ಕರೆದುಕೊಂಡು ಹೋಗಿ ಕೆಳಗೆ ನಿಲ್ಲಿಸ್ದೆ. ನನ್ನ ಬಾಯಲ್ಲಿ ಆಣೆ ಇಡ್ಸಿ ನಿಲ್ಲಿಸ್ದೆ. ಜಲಜಮ್ಮ ಅವತ್ತೇ ಕೇಳಿದ್ಲು, ದೊಡ್ಡ ಮನೆಯೋನು ನಮ್ಮ ಮಕ್ಕಳನ್ನ ಯಾಕೆ ಕರೀತಾನೆ ಅಂತ."

"ಆ ಮಾತು ಬೇಡ ಪ್ರತಿಮಾ. ನಾನು ಅಂಥವನಲ್ಲ."

"ಅಲ್ಲ ಅಂತ ನಾನೇ ಮನೆಮನೆಗೆ ಹೇಳಿ ಬಂದಿದ್ದೆ."

ಭವ್ಯಾಳನ್ನೂ ಕರೆದುಕೊಂಡು ವಾಪಸ್ ಹೊರಟ ಬಸ್ಸಿನಲ್ಲಿ ಜಲಜಮ್ಮ ನನ್ನ ಪಕ್ಕ ಕೂತು ಅದೇ ಮಾತು ಆಡುತ್ತಿದ್ದಳು. "ಎಷ್ಟ್ ಚಂದ ಹಾರಿದ್ಲು ನಮ್ಮ ಹುಡ್ಗಿ. ಅವಳಮ್ಮ ಇರ್ಬೇಕಿತ್ತು ನೋಡೋಕೆ." ಮುಂದಿನ ಸೀಟಿನಲ್ಲಿ ಭವ್ಯಾ ಕಪ್ಪು ಟೀ ಶರ್ಟಿನಲ್ಲೇ ಕಿಟಕಿಗೆ ತಲೆ ಒರಗಿಸಿದ್ದಳು. ನಾನು ಹೇಳಬೇಕೆಂದು ಬಾಯಿ ತೆರೆದೆ, ಮುಚ್ಚಿದೆ. ಹೊಸನಗರ ದಾಟಿದ ಮೇಲೆ ಅವಳೇ ತಿರುಗದೆ ಹೇಳಿದಳು.

"ಅದು ನಾನಲ್ಲ ಅಜ್ಜಿ. ನಾನು ಹಗ್ಗ ಹಿಡ್ಕೊಂಡಿದ್ದೆ."

ಜಲಜಮ್ಮ ನನ್ನ ಕಡೆ ನೋಡಿದಳು. ಉಗಿಯಲಿಲ್ಲ. ಉಗಿದಿದ್ದರೆ ಹಗುರಾಗುತ್ತಿತ್ತು. ಸೀಟಿನಲ್ಲಿ ಸ್ವಲ್ಪ ಆಚೆ ಸರಿದು ಕೂತಳು, ತನ್ನ ರೇಷ್ಮೆ ಸೀರೆ ನನ್ನ ಸೀರೆಗೆ ತಾಗದಷ್ಟು. ಸಾಗರ ಬರುವವರೆಗೂ ಹಾಗೇ ಇದ್ದಳು.

*

ಮರುದಿನ ಅಂಗಡಿ ತೆರೆಯಲಿಲ್ಲ. ಆಣೆ ಇಟ್ಟ ಮನೆಗಳಿಗೆಲ್ಲ ಹೋಗಿ ನಡೆದದ್ದು ಹೇಳಿದೆ. ಕೆಲವರು ಬೈದರು, ಕೆಲವರು ಬಾಗಿಲು ಹಾಕಿಕೊಂಡರು. ಕೊನೆಗೆ ಜಲಜಮ್ಮನ ಮನೆ. ಹೊಸ್ತಿಲ ಹೊರಗೇ ನಿಂತೆ.

"ನಿಂಗೂ ಹೇಳಿರ್ಲಿಲ್ವಾ ಅವ್ನು?" ಅಂದಳು.

"ಇಲ್ಲ."

"ಮದುವೆ ಆಗ್ತೀನಿ ಅಂದಿದ್ನಲ್ಲ?"

"ಹ್ಞೂಂ."

ಅವಳು ಚಾಪೆಯ ಮೇಲೆ ಸರಿದು ಜಾಗ ಮಾಡಿದಳು. "ಬಾ ಕೂತ್ಕೋ. ಚಾ ಕುಡಿ." ಆ ಜಾಗ ಕಂಡ ಕೂಡಲೇ ನಾನು ಅತ್ತೆ. ಅಲ್ಲಿಯವರೆಗೆ ಅತ್ತಿರಲಿಲ್ಲ.

"ಭವ್ಯಾ ಮೇಲೆ ಹತ್ತತಾಳೆ ಅಂತ ಆಣೆ ಇಟ್ಟಿದ್ದು ನೀನು," ಅಂದಳು, ಅಳು ನಿಲ್ಲುವವರೆಗೆ ಕಾದು. "ಅವನಲ್ಲ. ನಿನ್ನ ಆಣೆ ಇನ್ನೂ ಹಾಗೇ ಇದೆ."

ಶಾಲೆಯವರು ಗಿರಣಿಗೆ ಕೊಟ್ಟಿದ್ದ ಹಾಸಿಗೆಗಳನ್ನು ವಾಪಸ್ ಒಯ್ದರು. ವಾಸಪ್ಪನವರ ಹತ್ತಿರ ನಾನೇ ಹೋಗಿ ಗಂಟಲು ಹರಿಯುವವರೆಗೆ ಜಗಳವಾಡಿದೆ. ಬೇಸಿಗೆವರೆಗೆ ಇರಿ, ನಿಮ್ಮ ಬಾಯಿ ಸಾಕು ಅಂದರು. ಕಾಲೊನಿಯ ಹೆಂಗಸರು ನನ್ನ ಅಂಗಡಿಯಲ್ಲಿ ಕೂತು ಗೋಣಿಚೀಲಕ್ಕೆ ಒಣಹುಲ್ಲು ತುಂಬಿದರು, ನಾನು ಚೀಲದ ಬಾಯಿ ಹೊಲಿದೆ. ಮೊದಲಿನಷ್ಟು ಮೆತ್ತಗಿರಲಿಲ್ಲ. ಮೊದಲಿನಷ್ಟು ಮಕ್ಕಳೂ ಬರಲಿಲ್ಲ. ಬಂದವರು ಹತ್ತಿದರು. ಗೊತ್ತಿದ್ದಷ್ಟನ್ನೇ ಮಾಡಿದರು, ಹೊಸದು ಕಲಿಸಲು ಯಾರೂ ಇರಲಿಲ್ಲ.

ಒಂದು ಸಂಜೆ ಅವನು ಗಿರಣಿಗೆ ಬಂದ. ಗಡ್ಡ ಬಿಟ್ಟಿದ್ದ. ಕೈಯಲ್ಲಿ ನವಿಲು ನೀಲಿ ಅಂಗಿ, ಒಗೆದು, ಮಡಚಿ. ಭವ್ಯಾಳ ಕೈಗೆ ಕೊಟ್ಟು, ಅವಳ ಮುಂದೆ ಮಂಡಿಯೂರಿ, "ತಪ್ಪಾಯ್ತು ಕಣೇ," ಅಂದ. ಮಗು ಅಂಗಿ ತೆಗೆದುಕೊಂಡಿತು.

ಆಮೇಲೆ ನನ್ನ ಕಡೆ ನೋಡಿದ. ನಾನು ಹಗ್ಗದ ಹತ್ತಿರ ನಿಂತಿದ್ದೆ. ಅವನು ಬೆಲ್ಟು ಸೊಂಟಕ್ಕೆ ಕಟ್ಟಿಕೊಂಡು ಏಣಿ ಹತ್ತತೊಡಗಿದ. ಒಂದು ಭುಜದಲ್ಲಿ, ನಿಧಾನ. ನಾನು ಹಗ್ಗ ತೆಗೆದುಕೊಂಡೆ. ಮೇಲೆ ಹೋಗುವವನ ಹಗ್ಗ ಯಾರಾದರೂ ಹಿಡಿಯಲೇಬೇಕು.

ಏಣಿಯ ತುದಿಯಲ್ಲಿ ನಿಂತ. ಸಂಜೆಯ ಬಿಸಿಲು ಹೆಂಚಿನ ಸಂದಿಯಿಂದ ಅವನ ನರೆಯ ಮೇಲೆ ಬಿದ್ದಿತ್ತು. ಚೆಂದ ಕಂಡ. ಸುಳ್ಳು ಯಾಕೆ ಹೇಳಲಿ, ಚೆಂದವೇ ಕಂಡ.

"ಇದ್ದೀಯಾ?" ಅಂದ.

ಮಕ್ಕಳೆಲ್ಲ ನನ್ನ ಬಾಯಿ ನೋಡಿದರು. ಮಂಡಗದ್ದೆಯ ಹಕ್ಕಿಗಳೆಲ್ಲ ನನ್ನ ಎದೆಯೊಳಗೆ ಗಲಾಟೆ ಮಾಡಿದವು. ಒಂದೇ ಒಂದು ಮಾತು, ನಾಲಿಗೆಯ ತುದಿಯವರೆಗೆ ಬಂದಿತ್ತು.

ನಾನು ಆಡಲಿಲ್ಲ.

ಅವನು ಕಾದ. ಇನ್ನೊಮ್ಮೆ ಕೇಳಲಿಲ್ಲ. ಏಣಿಯ ಕಡೆ ತಿರುಗಿ, ಒಂದೊಂದೇ ಮೆಟ್ಟಿಲು ಇಳಿಯತೊಡಗಿದ. ನಡುವೆ ಎಡಗೈ ಜಾರಿತು, ಮೈ ವಾಲಿತು, ಪೂರ್ತಿ ಭಾರ ನನ್ನ ಕೈಗೆ ಬಂತು. ಅಂಗೈ ಸಿಗಿದು ಹೋಯಿತು. ಬಿಗಿಯಾಗೇ ಹಿಡಿದಿದ್ದೆ, ಅವನ ಕಾಲು ನೆಲಕ್ಕೆ ತಾಗುವವರೆಗೂ.

ಬೆಲ್ಟು ಬಿಚ್ಚುತ್ತಾ, "ಸಡಿಲ ಬಿಡ್ಲಿಲ್ಲ ನೀನು," ಅಂದ.

"ನೀನೇ ಕಲ್ಸಿದ್ದು."

"ಮಕ್ಕಳಿಗೆ ಕಲ್ಸೋಕೆ ನಾಳೆ ಬರ್ಲಾ?"

"ಮಕ್ಕಳನ್ನ ಕೇಳು. ನನ್ನ ಅಂಗಡಿ ಕಡೆ ಬರ್ಬೇಡ."

ಅವನು ಭವ್ಯಾಳ ಕಡೆ ತಿರುಗಿದ. ಅವಳು ಆಗಲೇ ಟೀ ಶರ್ಟಿನ ಮೇಲೆ ನೀಲಿ ಅಂಗಿ ಏರಿಸಿಕೊಂಡು, ಅವನ ಕೈಯಿಂದ ಬೆಲ್ಟು ತೆಗೆದುಕೊಳ್ಳುತ್ತಿದ್ದಳು.

"ಬನ್ನಿ ಸರ್," ಅಂದಳು. "ಆದ್ರೆ ನಾನು ಕೆಳಗೆ ನಿಲ್ಲಲ್ಲ."

ಸರಸರ ಹತ್ತಿದಳು. ಮಡಿಕೆ ಅದರ ಜಾಗದಲ್ಲಿ ಕೂತು ಹೆಗಲು ಸಮವಾಗಿತ್ತು. ತುದಿಯಲ್ಲಿ ನಿಂತು ಜೋಕಾಲಿ ಹಿಡಿದಳು.

"ಪ್ರತಿಮಕ್ಕಾ, ಇದ್ದೀಯಾ?"

"ಇದ್ದೀನಿ!"

ಬಾಗಿಲಿನ ಕಡೆ ಹೋಗುತ್ತಿದ್ದ ಹೆಜ್ಜೆ ನಿಂತದ್ದು ಕೇಳಿಸಿತು. ಅವನು ತಿರುಗಿ ನನ್ನನ್ನು ನೋಡುತ್ತಿದ್ದಾನೆ ಎಂದು ಕೆನ್ನೆಗೆ ಗೊತ್ತಾಯಿತು. ಆದರೆ ಭವ್ಯಾ ಹಾರಿಯಾಗಿತ್ತು, ನನ್ನ ಕಣ್ಣು ಅವಳನ್ನು ಬಿಟ್ಟು ಕದಲುವಂತಿರಲಿಲ್ಲ. ಅವನು ಎಷ್ಟು ಹೊತ್ತು ನಿಂತಿದ್ದ, ಯಾವಾಗ ಹೊರಗೆ ಹೋದ, ನಾನು ನೋಡಲಿಲ್ಲ.